ಕೊಡಗಿಗೆ ತನ್ನದೇ ವಿಶ್ವವಿದ್ಯಾಲಯ ಇರಬೇಕೇ?

ಪರ: ಘಟ್ಟ ಇಳಿಯದೆ ಓದುವಂತಾಗಲಿ

ಬೇಕು. ಬೇಕೇ ಬೇಕು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ.

ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾದದ್ದು 1949ರಲ್ಲಿ. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ, ಕಾಲೇಜು ಮದರಾಸು ವಿವಿಯ ಅಡಿಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆ ಆದಮೇಲೆ ಮೈಸೂರು, 1980ರಿಂದ ಮಂಗಳೂರು. ಮೂರೂ ಜಿಲ್ಲೆಯಾಚೆಯವೇ. ಕೊನೆಗೆ 2023ರಲ್ಲಿ, ಮಂಗಳೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿದ್ದ ಚಿಕ್ಕ ಅಳುವಾರದ ಜ್ಞಾನ ಕಾವೇರಿ ಕ್ಯಾಂಪಸ್ಸು ಕೊಡಗು ವಿಶ್ವವಿದ್ಯಾಲಯವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹೊಸ ವಿವಿಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಹೊಟ್ಟೆ ಉರಿಯುವುದಿಲ್ವಾ?

ಚಿಕ್ಕದು, ಹಾಗಾಗಿ ಬೇಡ ಅನ್ನುತ್ತಾರೆ. ಕೊಣಾಜೆಯ ಮಂಗಳಗಂಗೋತ್ರಿ, ಅಂದರೆ ಈಗಿನ ಮಂಗಳೂರು ವಿವಿ, ಏನು ದೊಡ್ಡದಾಗಿಯೇ ಹುಟ್ಟಿತ್ತಾ? ಅದೂ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವೇ. ಕಲಬುರಗಿಯದು ಧಾರವಾಡದ ಕೇಂದ್ರವಾಗಿತ್ತು. ಶಂಕರಘಟ್ಟದ ಕುವೆಂಪು ವಿವಿ ಬೆಳೆದದ್ದೂ ಹಾಗೆಯೇ. ಅವರಿಗೆಲ್ಲ ಸಿಕ್ಕಿದ ಅವಕಾಶ ನಮಗೆ ಮಾತ್ರ ಯಾಕೆ ಇಲ್ಲ?

ದೂರ ಅಂದರೆ ಏನು ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. 2018ರ ಆಗಸ್ಟ್. ಜೋಡುಪಾಲದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಗಿತ್ತು. ಅಣ್ಣನ ದೊಡ್ಡ ಮಗಳು ಆ ವರ್ಷ ಎಂ.ಎಸ್ಸಿ.ಗೆ ಸೇರಬೇಕು. ಅವಳ ವಿಷಯಕ್ಕೆ ಘಟ್ಟ ಇಳಿಯಲೇಬೇಕಿತ್ತು. "ಬೇಡ ಮಗಾ, ಈ ಮಳೇಲಿ ಹೇಗೆ ಕಳಿಸೋದು" ಅಂತ ಅಣ್ಣ. "ಚಿಕ್ಕಪ್ಪ, ನೀವಾದ್ರೂ ಅಪ್ಪನಿಗೆ ಹೇಳಿ" ಅಂತ ಅವಳು. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಭಾಗಮಂಡಲ, ಕರಿಕೆ, ಪಾಣತ್ತೂರು ಸುತ್ತಿಕೊಂಡು ನಾನೇ ಜೀಪಿನಲ್ಲಿ ಕರೆದುಕೊಂಡು ಹೋದೆ. ಕಿರಿದಾದ ರಸ್ತೆ, ಪ್ರತಿ ತಿರುವಿನಲ್ಲೂ ಕೆಸರು. ಎದುರಿಗೆ ಲಾರಿ ಬಂದರೆ ಹಿಂದಕ್ಕೆ ಹೋಗಿ ಜಾಗ ಬಿಡಬೇಕು. ಸೀಟು ಸಿಕ್ಕಿತು. ಆದರೆ ವಾಪಸ್ ಬಂದಮೇಲೆ ಅತ್ತಿಗೆ ಒಪ್ಪಲೇ ಇಲ್ಲ. ಹುಡುಗಿ ಓದು ಬಿಟ್ಟಳು. ಈಗ ಹೋಂಸ್ಟೇ ಒಂದರ ಲೆಕ್ಕ ಬರೆಯುತ್ತಾಳೆ. ಅವಳ ತಂಗಿ ಚಿಕ್ಕ ಅಳುವಾರದಲ್ಲಿ ಮೈಕ್ರೋಬಯಾಲಜಿ ಮುಗಿಸಿದಳು. ಬೆಳಿಗ್ಗೆ ಸುಂಟಿಕೊಪ್ಪದಲ್ಲಿ ಬಸ್ಸು ಹತ್ತಿ, ಸಂಜೆ ಮನೆಗೆ ಬರುತ್ತಿದ್ದಳು.

ದುಡ್ಡಿಲ್ಲ ಅನ್ನುವ ಸರ್ಕಾರಕ್ಕೆ ನಾನು ಕೇಳುವುದು ಒಂದೇ. ಕಾಫಿ, ಕಾಳುಮೆಣಸು, ಪ್ರವಾಸಿಗರಿಂದ ಬರುವ ತೆರಿಗೆಯಲ್ಲಿ ನಮ್ಮ ಮಕ್ಕಳ ಪಾಲು ಎಲ್ಲಿದೆ?

ವಿರೋಧ: ಮೊದಲು ಮೇಷ್ಟ್ರು, ಆಮೇಲೆ ಬೋರ್ಡು

ಈ ಬದಿಯಲ್ಲಿ ಬರೆಯಿರಿ ಅಂತ ನನ್ನನ್ನು ಕೇಳಿದ್ದಾರೆ. ಚಿಕ್ಕ ಅಳುವಾರದಲ್ಲಿ ಪಾಠ ನಿಲ್ಲಲಿ ಅಂತ ನಾನು ಖಂಡಿತ ಹೇಳುವುದಿಲ್ಲ. ಅಲ್ಲಿನ ತರಗತಿಗಳು ಇರಬೇಕು, ಇನ್ನೂ ಜಾಸ್ತಿ ಆಗಬೇಕು. ಅದಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯ ಬೇಕಿಲ್ಲ, ಅಷ್ಟೇ.

ನಾನು ಕೊಣಾಜೆಯಲ್ಲಿ ಓದಿದವನು. 1968ರಲ್ಲಿ ಶುರುವಾದ ಕೇಂದ್ರ ವಿವಿ ಆಗಲು 12 ವರ್ಷ ಹಿಡಿಯಿತು. ಮೊದಲು ಕನ್ನಡದ ವಿದ್ವಾಂಸ ಎಸ್.ವಿ. ಪರಮೇಶ್ವರ ಭಟ್ಟರಂಥ ಮೇಷ್ಟ್ರು ಬಂದರು. ವಿಭಾಗಗಳು ಒಂದೊಂದಾಗಿ ಬಂದವು. ಮುರಕಲ್ಲಿನ ಗುಡ್ಡದ ಮೇಲೆ ಮೈಕ್ರೋಟ್ರಾನ್ (ಎಲೆಕ್ಟ್ರಾನ್ ವೇಗವರ್ಧಕ) ಕೇಂದ್ರದಂಥ ಪ್ರಯೋಗಾಲಯ ಕಟ್ಟಲು ಇನ್ನೂ ವರ್ಷಗಳು ಬೇಕಾದವು. ಈಗ ಹಾವೇರಿ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ, ಹಾಸನ, ಬೀದರ್, ಕೊಡಗು ಎಲ್ಲವನ್ನೂ ಒಂದೇ ಏಟಿಗೆ ತೆರೆದರು. ಪ್ರತಿಯೊಂದಕ್ಕೂ ಕುಲಪತಿ ಬೇಕು, ಕುಲಸಚಿವರು ಬೇಕು, ಹಣಕಾಸು ಅಧಿಕಾರಿ ಬೇಕು. ಕಾಯಂ ಅಧ್ಯಾಪಕರು ಎಲ್ಲಿ? ಅತಿಥಿ ಉಪನ್ಯಾಸಕರ ಮೇಲೆಯೇ ಎಷ್ಟು ದಿನ ನಡೆಸುತ್ತೀರಿ? ಕೊಡಗಿನ ಸುಮಾರು 24 ಕಾಲೇಜುಗಳ ಶುಲ್ಕದಲ್ಲಿ ಒಂದು ಒಳ್ಳೆಯ ಪ್ರಯೋಗಾಲಯ ಕಟ್ಟಲೂ ಆಗದು. ಅತ್ತ ಆ ಶುಲ್ಕ ಕೈಬಿಟ್ಟ ಮಂಗಳೂರು ವಿವಿಯೂ ಬಡವಾಗುತ್ತದೆ.

ಜಿಲ್ಲೆಯ ಭಾಷೆ, ಸಂಸ್ಕೃತಿಗೆ ಸ್ವಂತ ವಿವಿಯೇ ಬೇಕು ಅನ್ನುವವರೂ ಇದ್ದಾರೆ. ಆದರೆ ಮಡಿಕೇರಿಯಲ್ಲಿ ಕೊಡವ ಎಂ.ಎ. ಶುರು ಮಾಡಿದ್ದು ಮಂಗಳೂರು ವಿವಿಯೇ.

ರಸ್ತೆ ಕುಸಿದರೆ ರಸ್ತೆ ಕಟ್ಟಬೇಕು. ಅದಕ್ಕೆಂದು ವಿಶ್ವವಿದ್ಯಾಲಯ ಕಟ್ಟುತ್ತಾ ಹೋದರೆ ಮಲೆನಾಡಿನ ಪ್ರತಿ ತಾಲ್ಲೂಕಿಗೂ ಒಂದೊಂದು ಬೇಕಾದೀತು. ಅಂಕಪಟ್ಟಿ ಈಗ ಡಿಜಿಲಾಕರ್‌ನಲ್ಲೇ ಸಿಗುತ್ತದೆ. ಹೆಣ್ಣುಮಕ್ಕಳ ಹಾಸ್ಟೆಲ್‌ಗಳನ್ನು ಚೆನ್ನಾಗಿ ನಡೆಸಿದರೆ ಹೆತ್ತವರೂ ಧೈರ್ಯವಾಗಿ ಕಳಿಸುತ್ತಾರೆ. ಕೆಲಸ ಕೊಡುವವರು ಪದವಿ ಯಾವ ವಿವಿಯದು ಅಂತ ನೋಡುತ್ತಾರೆ. ಹೆಸರು ಮಾಡಿದ ವಿವಿಯ ಪದವಿ ಕೊಡಗಿನ ಮಕ್ಕಳಿಗೆ ಯಾಕೆ ತಪ್ಪಬೇಕು? ಚಿಕ್ಕ ಅಳುವಾರಕ್ಕೆ ಕಾಯಂ ಹುದ್ದೆಗಳನ್ನು, ಕಟ್ಟಡದ ಹಣವನ್ನು ಸರ್ಕಾರ ಮೊದಲು ಮಂಜೂರು ಮಾಡಲಿ. ಹತ್ತು ವರ್ಷ ಅಲ್ಲಿ ವಿಭಾಗಗಳು ಬೆಳೆಯಲಿ. ಆಗ ಪ್ರತ್ಯೇಕ ವಿವಿ ಕೇಳಿದರೆ ನಾನೂ ಸಹಿ ಹಾಕುತ್ತೇನೆ.