ಗೇರ್ ಇಳಿಸಿದ ಸದ್ದು

ಕಳೆದ ವಾರ ಎರಡು ದಿನ ಮನೆಯಲ್ಲಿ ಕರೆಂಟ್ ಇರಲಿಲ್ಲ. ಕೊಡಗಿನ ಸುಂಟಿಕೊಪ್ಪದ ಮಳೆಗಾಲದಲ್ಲಿ ಇದೇನೂ ಹೊಸದಲ್ಲ. ಮೂರನೆಯ ಸಂಜೆ ಬಂದ ಕೂಡಲೇ ಅಪ್ಪ ಟಿ.ವಿ. ಹಾಕಿದರು. ಯಾವುದೋ ಇಂಗ್ಲಿಷ್ ಚಿತ್ರದಲ್ಲಿ ಎರಡು ಕಾರುಗಳು ಒಂದರ ಹಿಂದೊಂದು ಬಿದ್ದಿದ್ದವು. ಮಾತೊಂದೂ ಅರ್ಥವಾಗದಿದ್ದರೂ ಅಪ್ಪ ಕುರ್ಚಿಯ ತುದಿಗೆ ಬಂದು ಕುಳಿತಿದ್ದರು. ತಿರುವು ಬಂದಾಗಲೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಮೂವತ್ತೈದು ವರ್ಷ ಲಾರಿ ಓಡಿಸಿದ ಕಾಲು ಅದು.

ಮನೆಗೆ ಬಂದಿದ್ದ ನೆಂಟರೊಬ್ಬರು, “ಈ ವಯಸ್ಸಿನಲ್ಲಿ ಇಂಥ ಹುಡುಗಾಟದ ಸಿನಿಮಾ ಯಾಕೆ ನೋಡುತ್ತೀರಿ?” ಎಂದು ಕೇಳಿದರು. ಅಪ್ಪ ಉತ್ತರ ಕೊಡಲಿಲ್ಲ. ನನಗೆ ಸುಮ್ಮನಿರಲು ಆಗುತ್ತಿಲ್ಲ.

ಜನ ವೇಗಕ್ಕೆ ಮರುಳಾಗಿ ಇಂಥ ಚಿತ್ರ ನೋಡುತ್ತಾರೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನೇರ ರಸ್ತೆಯಲ್ಲಿ ಓಡುವ ಕಾರನ್ನೇ ತೋರಿಸುತ್ತಿದ್ದರೆ ಎರಡು ನಿಮಿಷಕ್ಕೆ ಆಕಳಿಕೆ ಬಂದೀತು. ಮೇಲಾಗಿ ಪರದೆಯ ಮೇಲೆ ವೇಗವನ್ನು ಹುಟ್ಟಿಸುವುದು ಸುಲಭ. ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಬದಲು 20 ಚೌಕಟ್ಟು ಚಿತ್ರೀಕರಿಸಿ ಎಂದಿನಂತೆ ತೋರಿಸಿದರೆ ಕಾರು ತಾನಾಗಿ ಚುರುಕಾಗುತ್ತದೆ. ಕ್ಯಾಮೆರಾವನ್ನು ನೆಲದಿಂದ ಒಂದು ಗೇಣು ಮೇಲೆ ಕಟ್ಟಿದರೆ ಸಾಧಾರಣ ಓಟವೂ ನುಗ್ಗಿ ಬಂದಂತೆ ಕಾಣುತ್ತದೆ. ನಮ್ಮನ್ನು ಹಿಡಿದು ಕೂರಿಸುವುದು ಕಸುಬು ಬಲ್ಲವರ ಕೈ. ಯೋಚಿಸಲೂ ಸಮಯವಿಲ್ಲದ ಹೊತ್ತಿನಲ್ಲಿ ಆ ಕೈ ಏನು ಮಾಡುತ್ತದೆ ಎಂದು ನೋಡುವ ಆಸೆ.

ನಾನು ಆ ಕೈಯನ್ನು ಮೊದಲು ಕಂಡದ್ದು ಪರದೆಯ ಮೇಲಲ್ಲ. ಹತ್ತು ವರ್ಷದವಳಿದ್ದಾಗ ಬೇಸಿಗೆ ರಜೆಯಲ್ಲಿ ಅಪ್ಪನ ಲಾರಿಯಲ್ಲಿ ಮಂಗಳೂರಿಗೆ ಹೊರಟಿದ್ದೆ. ಹಿಂದೆ ಕಾಫಿ ಮೂಟೆಗಳ ಲೋಡು. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುತ್ತಿದ್ದಾಗ ಕಥೆ ಹೇಳುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಗೇರ್ ಮೂರಕ್ಕೆ ಇಳಿಯಿತು, ಆಮೇಲೆ ಎರಡಕ್ಕೆ. ಎಂಜಿನ್ ಅರಚಿತು. ಪ್ರತಿ ತಿರುವಿನಲ್ಲೂ ಉದ್ದನೆಯ ಹಾರ್ನ್. ಘಾಟಿಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ಅಂದು ಅಪ್ಪ ದೂರದಿಂದಲೇ ಹೆಡ್‌ಲೈಟ್ ಮಿನುಗಿಸಿ ದಾರಿ ಬೇಡುತ್ತಿದ್ದರು. ಕ್ಲೀನರ್ ಅಣ್ಣ ಎಡಬಾಗಿಲಿನಿಂದ ಅರ್ಧ ಹೊರಗೆ ಬಾಗಿ ಎದುರಿನವರಿಗೆ ಕೈ ಬೀಸುತ್ತಿದ್ದ. ಅಪ್ಪನ ಮುಖದಲ್ಲಿ ಮಾತ್ರ ಯಾವ ಬದಲಾವಣೆಯೂ ಇರಲಿಲ್ಲ. ಕೊಯನಾಡಿನ ಹತ್ತಿರ ಸಮತಟ್ಟು ಸಿಕ್ಕಲ್ಲಿ ಲಾರಿ ನಿಂತಿತು. ಬ್ರೇಕ್ ಕಾದು ಹಿಡಿತ ಬಿಟ್ಟಿತ್ತೆಂದು ಅವರು ಹೇಳಿದ್ದು ಚಹಾ ಕುಡಿಯುವಾಗ.

ಒಳ್ಳೆಯ ಚೇಸ್ ದೃಶ್ಯ ನೋಡುವಾಗ ನನಗೆ ಆ ಕ್ಯಾಬಿನ್ನಿನ ಮೌನ ನೆನಪಾಗುತ್ತದೆ. 1968ರ ‘ಬುಲ್ಲಿಟ್’ ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ಬೆನ್ನಟ್ಟುವಿಕೆ ಕಾವೇರುತ್ತಿದ್ದಂತೆ ಹಿನ್ನೆಲೆ ಸಂಗೀತ ನಿಂತುಬಿಡುತ್ತದೆ. ಆಮೇಲೆ ಕೇಳಿಸುವುದು ಎಂಜಿನ್ ಮತ್ತು ಟಯರಿನ ಸದ್ದು ಮಾತ್ರ. ಆ ಚಿತ್ರದ ಸಂಕಲನಕ್ಕೆ ಆಸ್ಕರ್ ಬಂತು. ಅಪ್ಪನಿಗೆ ಅದನ್ನು ಒಮ್ಮೆ ಮೊಬೈಲ್‌ನಲ್ಲಿ ತೋರಿಸಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೇಳಿ, “ಗೇರ್ ಇಳಿಸಿದ್ದು ಕೇಳಿಸಿತೇನು?” ಎಂದರು.

ದೊಡ್ಡ ಕಳವಿನ ಚಿತ್ರಗಳ ಸೆಳೆತವೂ ನನ್ನ ಮಟ್ಟಿಗೆ ಇದೇ. 1955ರ ಫ್ರೆಂಚ್ ಚಿತ್ರ ‘ರಿಫಿಫಿ’ಯಲ್ಲಿ ಒಡವೆ ಅಂಗಡಿಯ ಕಳವು ಸುಮಾರು ಅರ್ಧ ಗಂಟೆ ನಡೆಯುತ್ತದೆ, ಮಾತಿಲ್ಲ, ಸಂಗೀತವಿಲ್ಲ. ಮೇಲಿನ ಮನೆಯ ನೆಲ ಕೊರೆಯುವವರು, ಗಾರೆ ಕೆಳಗೆ ಬಿದ್ದು ಸದ್ದಾಗದಿರಲೆಂದು ತೂತಿನೊಳಗಿಂದ ಕೊಡೆಯೊಂದನ್ನು ತೂರಿಸಿ ಬಿಚ್ಚುತ್ತಾರೆ. ಚೂರುಗಳೆಲ್ಲ ಕೊಡೆಯೊಳಗೆ ಬೀಳುತ್ತವೆ. ವರ್ಷದಲ್ಲಿ ನಾಲ್ಕೈದು ತಿಂಗಳು ಕೊಡೆ ಹಿಡಿದೇ ತಿರುಗುವ ನನಗೆ ಅದನ್ನು ನೋಡಿ ಮೈ ನವಿರೆದ್ದಿತು. ಬೆಲೆಬಾಳುವ ಯಂತ್ರವಲ್ಲ, ಮೂಲೆಯಲ್ಲಿ ನೇತುಹಾಕಿದ ಕೊಡೆ!

ಇಂಥ ಚಿತ್ರಗಳಲ್ಲಿ ನಾನು ಗಮನಿಸಿದ ಒಂದು ಸಂಗತಿಯಿದೆ. ಯೋಜನೆಯನ್ನು ಮೊದಲೇ ನಮಗೆ ಪೂರ್ತಿ ವಿವರಿಸಿದರೆ ಅದು ಸಾಮಾನ್ಯವಾಗಿ ಎಲ್ಲೋ ಕೆಡುತ್ತದೆ. ಮುಚ್ಚಿಟ್ಟರೆ ಗೆಲ್ಲುತ್ತದೆ. ಕೆಟ್ಟಾಗಲೇ ಒಬ್ಬೊಬ್ಬರ ನಿಜವಾದ ಬಲ ಹೊರಬರುವುದು.

ಹಾಗಾದರೆ ಕಳ್ಳರ ಪರ ನಿಲ್ಲುವುದು ಸರಿಯೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಕಣದಲ್ಲಿ ಒಣಗಿಸಿದ್ದ ಕರಿಮೆಣಸು ಒಂದೇ ರಾತ್ರಿ ಕಳವಾಯಿತು. ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಕಳ್ಳರ ಕೈಚಳಕವನ್ನು ಮೆಚ್ಚುವ ಯೋಚನೆ ನನಗೆ ಕನಸಿನಲ್ಲೂ ಬಂದಿಲ್ಲ. ಸಿನಿಮಾ ನಮ್ಮಿಂದ ಅಮ್ಮನ ಮುಖವನ್ನು ಮರೆಸುತ್ತದೆ. ಕಳಕೊಳ್ಳುವವನನ್ನು ಬ್ಯಾಂಕು, ಜೂಜಿನ ಮನೆ, ದುಷ್ಟ ಶ್ರೀಮಂತ ಎಂದು ಆರಿಸಿಕೊಂಡಿರುತ್ತದೆ. ಇದು ಗೊತ್ತಿದ್ದೂ ನಾನು ನೋಡುತ್ತೇನೆ. ಗೊತ್ತಿರಬೇಕು ಎನ್ನುವುದಷ್ಟೇ ನನ್ನ ಮಾತು.

ನನಗೆ ನಿಜಕ್ಕೂ ಸಿಟ್ಟು ಬರುವುದು ಭಾರವಿಲ್ಲದ ಕಾರುಗಳನ್ನು ಕಂಡಾಗ. ಕಂಪ್ಯೂಟರಿನಲ್ಲಿ ಹುಟ್ಟಿದ ಕಾರು ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತದೆ, ಇಳಿದಾಗ ಅದರ ಸ್ಪ್ರಿಂಗ್ ಕುಸಿಯುವುದೂ ಇಲ್ಲ. ಅರೆ ಸೆಕೆಂಡಿಗೊಂದು ಕಟ್. ಯಾವ ಕಾರು ಎಲ್ಲಿದೆ, ರಸ್ತೆ ಎತ್ತ ತಿರುಗಿತು, ಒಂದೂ ತಿಳಿಯುವುದಿಲ್ಲ. 2011ರ ‘ಫಾಸ್ಟ್ ಫೈವ್’ನಲ್ಲಿ ಎರಡು ಕಾರುಗಳು ದೈತ್ಯ ತಿಜೋರಿಯೊಂದನ್ನು ಬೀದಿಯಲ್ಲಿ ಎಳೆದೊಯ್ಯುವುದು ನಂಬಲಾಗದ ಸಂಗತಿ. ಆದರೂ ಮನಸ್ಸಿಗೆ ತಟ್ಟುತ್ತದೆ, ಏಕೆಂದರೆ ಚಿತ್ರೀಕರಣಕ್ಕೆ ನಿಜವಾದ ತಿಜೋರಿಗಳನ್ನೇ ಕಟ್ಟಿದ್ದರು. ಒಂದರ ಒಳಗೆ ಸಾಹಸ ಚಾಲಕನೊಬ್ಬ ಕುಳಿತು ಅದನ್ನೇ ವಾಹನದಂತೆ ಓಡಿಸಿದ. ತೂಕ ಸುಳ್ಳಾಗಿರಲಿಲ್ಲ.

ನಮ್ಮ ಹುಡುಗರ ಬಗ್ಗೆ ಹೇಳದೆ ಮುಗಿಸಿದರೆ ಅಪ್ರಾಮಾಣಿಕತೆಯಾಗುತ್ತದೆ. ವಾರಾಂತ್ಯದಲ್ಲಿ ಮಡಿಕೇರಿ ರಸ್ತೆಯಲ್ಲಿ ಕುರುಡು ತಿರುವಿನಲ್ಲೇ ಓವರ್‌ಟೇಕ್ ಮಾಡುವವರನ್ನು ಕಂಡು ನನ್ನ ಎದೆ ನಡುಗಿದೆ. ಅವರು ಚಿತ್ರದಿಂದ ವೇಗವನ್ನಷ್ಟೇ ಎತ್ತಿಕೊಂಡಿದ್ದಾರೆ. ಪರದೆಯ ಮೇಲೆ ಆ ಬೀದಿ ಮುಚ್ಚಿರುತ್ತದೆ, ಎದುರಿನ ಕಾರಿನವನೂ ತಂಡದವನೇ ಆಗಿರುತ್ತಾನೆ, ಆ ತಿರುವನ್ನು ಹತ್ತಾರು ಸಲ ಅಭ್ಯಾಸ ಮಾಡಿರುತ್ತಾರೆ. ವೇಗದ ಆಸೆ ಇರುವವರಿಗೆ ನಮ್ಮ ಜಿಲ್ಲೆಯಲ್ಲಿ ಜಾಗವಿದೆ: ಕೊಯ್ಲಾದ ಗದ್ದೆಗಳಲ್ಲಿ ಆಟೋಕ್ರಾಸ್ ಎಂಬ ಕಾರು ಪಂದ್ಯ ನಡೆಯುತ್ತದೆ, ತೋಟದ ಮಣ್ಣುದಾರಿಗಳಲ್ಲಿ ಕಾರು ರ‍್ಯಾಲಿ ನಡೆದಿದೆ. ರ‍್ಯಾಲಿಯಲ್ಲಿ ಪಕ್ಕದಲ್ಲಿ ಕುಳಿತವನು ಮುಂದಿನ ತಿರುವಿನ ವಿವರವನ್ನು ಮೊದಲೇ ಬರೆದಿಟ್ಟ ಟಿಪ್ಪಣಿಯಿಂದ ಓದುತ್ತಾ ಹೋಗುತ್ತಾನೆ. ಸಂಪಾಜೆಯಲ್ಲಿ ಬಾಗಿಲಿನಿಂದ ಬಾಗಿದ್ದ ಕ್ಲೀನರ್ ಅಣ್ಣ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಅಂದು ನೆಂಟರು ಹೊರಟ ಮೇಲೂ ಅಪ್ಪ ಟಿ.ವಿ. ಮುಂದೆಯೇ ಕುಳಿತಿದ್ದರು. ಚೇಸ್ ಮುಗಿದು ಯಾರೋ ಯಾರನ್ನೋ ಅಪ್ಪಿಕೊಂಡು ಅಳುತ್ತಿದ್ದರು. ಅಪ್ಪನಿಗೆ ಅದು ಬೇಕಿರಲಿಲ್ಲ.

“ಹಿಂದಿನ ಕಾರಿನವನು ತಿರುವಿಗೆ ಮೊದಲೇ ಬ್ರೇಕ್ ಹಿಡಿದು, ತಿರುವಿನಲ್ಲಿ ಬಿಟ್ಟ, ನೋಡಿದೆಯಾ ಮಗಳೇ?” ಎಂದರು. “ಬಲ್ಲವನು.”