ನಮ್ಮಲ್ಲಿ ಕರೆಂಟ್ ಹೋಗುವುದಿಲ್ಲ

“ಇಷ್ಟು ದೂರದಿಂದ ಮೇಣದಬತ್ತಿ ತಂದೆಯೇನೋ? ನಮ್ಮಲ್ಲಿ ಈಗ ಕರೆಂಟ್ ಹೋಗುವುದಿಲ್ಲಪ್ಪಾ. ಹೋದರೂ ಇನ್ವರ್ಟರ್ ಇದೆ.”

ಕಳೆದ ಜನವರಿಯಲ್ಲಿ ಧಾರವಾಡದ ಮನೆಯ ಪಡಸಾಲೆಯಲ್ಲಿ ಅಕ್ಕ ಹೀಗೆಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಕುಳಿತವಳು ನನ್ನ ಮಗಳು ಒಬ್ಬಳೇ. ಆ ಬತ್ತಿ ಮಾಡಿದವಳು ಅವಳು. ಒಂಬತ್ತು ವರ್ಷದ ಹುಡುಗಿ ಎರಡು ತಾಸು ನಿಂತು ಮಾಡಿದ್ದು. ಕಂದು ಕಾಗದದಲ್ಲಿ ಸುತ್ತಿ, ಮೇಲೆ ಕನ್ನಡದಲ್ಲಿ ‘ಅತೆಗೆ’ ಎಂದು ಬರೆದಿದ್ದಳು. ಒತ್ತು ಬಿಟ್ಟುಹೋಗಿತ್ತು.

ಅಕ್ಕ ಬತ್ತಿಯನ್ನು ಮೂಸಿ ನೋಡಿ “ಜೇನಿನ ವಾಸನೆ ಬರುತ್ತದೆ” ಎಂದಳು. ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. “ಎಷ್ಟು ಬಿತ್ತು?” ಹೇಳಿದೆ. ಫ್ರಾಂಕನ್ನು ರೂಪಾಯಿಗೆ ತಿರುಗಿಸಿದರೆ ಒಂದಕ್ಕೆ ಹತ್ತಿರ ಹತ್ತಿರ 1,000. ಬತ್ತಿಯ ಮರ್ಯಾದೆ ಅಲ್ಲಿಯೇ ಏರಿತು. ಕಿಟಕಿಯ ಕಟ್ಟೆಯ ಮೇಲಿದ್ದದ್ದು ಶೋಕೇಸಿನೊಳಗೆ, ಬೆಳ್ಳಿಯ ಗಣಪತಿಯ ಪಕ್ಕಕ್ಕೆ ಹೋಯಿತು.

ನಾನು ಹೇಳಬೇಕೆಂದಿದ್ದದ್ದು ಆ ಎರಡು ತಾಸಿನ ಕಥೆ. ಅಲ್ಲಿ ಯಾರೂ ಹೇಳಲು ಬಿಡಲಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ.

ನಾವಿರುವುದು ಸ್ವಿಟ್ಜರ್ಲೆಂಡಿನಲ್ಲಿ, ಜ್ಯೂರಿಕ್‌ನಿಂದ ರೈಲಿನಲ್ಲಿ ಅರ್ಧ ತಾಸು ದೂರದ ಒಂದು ಊರಿನಲ್ಲಿ. ನವೆಂಬರ್ ಬಂತೆಂದರೆ ಸಂಜೆ ಐದಕ್ಕೇ ಕತ್ತಲು. ಆ ಕತ್ತಲಿನ ಜೊತೆಗೇ ಊರೂರಿನಲ್ಲಿ ‘ಕೆರ್ಟ್ಸನ್‌ಟ್ಸೀಯನ್’ ಶುರುವಾಗುತ್ತದೆ. ಅಂದರೆ ಮೇಣದಬತ್ತಿ ಎಳೆಯುವುದು. ಜ್ಯೂರಿಕ್‌ನಲ್ಲಿ ಸರೋವರದ ದಡದ ಬ್ಯುರ್ಕ್ಲಿಪ್ಲಾಟ್ಸ್‌ನಲ್ಲಿ ನಡೆಯುತ್ತದೆ, ನಮ್ಮಲ್ಲಿ ಚರ್ಚಿನ ಪಕ್ಕದ ಸಭಾಂಗಣದಲ್ಲಿ. ಬಾಗಿಲು ತೆರೆದ ಕೂಡಲೇ ಜೇನುಮೇಣದ ವಾಸನೆ ಮುಖಕ್ಕೆ ರಾಚುತ್ತದೆ. ಉದ್ದುದ್ದ ತಗಡಿನ ಪಾತ್ರೆಗಳು, ಅವುಗಳ ಸುತ್ತ ಬಿಸಿನೀರು, ಒಳಗೆ ಕರಗಿದ ಮೇಣ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ; ಪಾತ್ರೆಯನ್ನು ಅದಕ್ಕಿಂತ ತುಸುವೇ ಹೆಚ್ಚು ಬಿಸಿ ಇಟ್ಟಿರುತ್ತಾರೆ. ನಮ್ಮ ಕೈಗೆ ಹತ್ತಿಯ ನೂಲು ಹೆಣೆದ ಬತ್ತಿಯೊಂದನ್ನು ಕೊಡುತ್ತಾರೆ. ಮೊದಲ ಸಲ ಅದ್ದಿದಾಗ ಗುಳ್ಳೆ ನಿಲ್ಲುವವರೆಗೆ ಹಿಡಿಯಬೇಕು. ನೂಲಿನೊಳಗಿನ ಗಾಳಿ ಹೊರಬಿದ್ದು ಮೇಣ ಒಳಗಿಳಿಯಬೇಕಲ್ಲ. ಅಲ್ಲಿಂದ ಮುಂದೆ ಪೂರ್ತಿ ಉಲ್ಟಾ. ಅದ್ದು, ತೆಗೆ. ಒಂದು ಗಳಿಗೆ ಹೆಚ್ಚು ಹಿಡಿದಿರೋ, ಹಿಂದಿನ ಸುತ್ತಿನಲ್ಲಿ ಕೂಡಿಸಿದ್ದೆಲ್ಲ ಕರಗಿ ಪಾತ್ರೆಗೇ ವಾಪಸು.

ತೆಗೆದ ಮೇಲೆ ಆರಲು ಬಿಡಬೇಕು. ಅದಕ್ಕೇ ಎಲ್ಲರೂ ಸಾಲಾಗಿ ಪಾತ್ರೆಗಳನ್ನು ಸುತ್ತುತ್ತಾರೆ. ಅಜ್ಜಂದಿರು, ಮೊಮ್ಮಕ್ಕಳು, ಕಚೇರಿಯಿಂದ ನೇರವಾಗಿ ಬಂದ ಕೋಟಿನ ಗಂಡಸರು, ತೂಗಾಡುವ ಬತ್ತಿ ಹಿಡಿದು ಹೆಚ್ಚು ಮಾತಿಲ್ಲದೆ ಒಬ್ಬರ ಹಿಂದೊಬ್ಬರು. ನವರಾತ್ರಿಯ ಬೆಳಗಿನ ಜಾವ ಬನ್ನಿಗಿಡ ಸುತ್ತುವ ನಮ್ಮೂರ ಹೆಂಗಸರು ನೆನಪಾದರು. ಇಪ್ಪತ್ತು ಸುತ್ತಿಗೆ ಬತ್ತಿ ಪೆನ್ಸಿಲಿನಷ್ಟಾಯಿತು. ಮಗಳು 40ರವರೆಗೆ ಎಣಿಸಿ ಬಿಟ್ಟಳು. ಕೊನೆಗೆ ತುದಿಯಲ್ಲಿ ಇಳಿದು ಗಟ್ಟಿಯಾದ ಮೇಣದ ಮೂಗನ್ನು ಕತ್ತರಿಸಿ, ಬೆಚ್ಚಗಿರುವಾಗಲೇ ಹಲಗೆಯ ಮೇಲೆ ಹೊರಳಿಸಿ ನೆಟ್ಟಗೆ ಮಾಡಿ, ತಕ್ಕಡಿಗೆ ಇಟ್ಟೆವು. ದುಡ್ಡು ತೂಕದ ಮೇಲೆ. ನಾವು ಮೂವರು ಸೇರಿ ಮಾಡಿದ ನಾಲ್ಕು ಬತ್ತಿ ಒಂದು ಕಿಲೋಗೆ ತುಸು ಕಡಿಮೆ ಬಂದವು.

ಆ ನಾಲ್ಕರಲ್ಲಿ ಒಂದನ್ನು ಮಗಳು ಕೆಳಗಿನ ಮನೆಯ ಮುದುಕಿಗೆ ಕೊಟ್ಟಳು. ಎಂಬತ್ತು ದಾಟಿದ ಜೀವ. ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಳಕಿಗೆ ಹಿಡಿದು, ಅವರು ಕೇಳಿದ ಮೊದಲ ಮಾತು: “ಎಷ್ಟು ಸಲ ಅದ್ದಿದೆ?” ಮಗಳು “40ರವರೆಗೆ ಎಣಿಸಿದೆ, ಆಮೇಲೆ ಮರೆತೆ” ಎಂದಳು. ಮುದುಕಿ ಲೆಕ್ಕಪತ್ರ ಒಪ್ಪಿಕೊಂಡವರ ಹಾಗೆ ತಲೆಯಾಡಿಸಿದರು. ಡಿಸೆಂಬರ್ 24ರ ಸಂಜೆ ಮಗಳನ್ನು ಕರೆದು, ಅವಳ ಎದುರಿಗೇ ಬತ್ತಿ ಹಚ್ಚಿದರು. ಬರುವಾಗ ತಾವೇ ಮಾಡಿದ ಹಣ್ಣಿನ ಜೆಲ್ಲಿಯ ಬಾಟಲಿ ಕೊಟ್ಟರು, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ.

ಎಷ್ಟು ಸಲ ಅದ್ದಿದೆ, ಎಷ್ಟು ಬಿತ್ತು. ಜನವರಿಯಿಂದ ಈ ಎರಡು ಪ್ರಶ್ನೆಗಳು ನನ್ನ ತಲೆಯಲ್ಲಿ ಜಗಳವಾಡುತ್ತಿವೆ.

ನಮ್ಮಲ್ಲಿ ಕೊಡುವುದು ಕಡಿಮೆ ಎಂದಲ್ಲ. ಕೊಟ್ಟು ತೆಗೆದುಕೊಂಡು ಸುಸ್ತಾದ ಜನ ನಾವು. ಮದುವೆಯ ಉಡುಗೊರೆಗೆ, ನಮ್ಮ ಕಡೆಯ ಆಯೇರಿಗೆ, ಪಟ್ಟಿ ಬೇರೆ ಇರುತ್ತದೆ. ಯಾರು ಎಷ್ಟು ಹಾಕಿದರು, ನಾವು ಅವರಿಗೆ ತಿರುಗಿ ಎಷ್ಟು ಹಾಕಬೇಕು ಎಂದು. 501ಕ್ಕೆ 501, ಸ್ಟೀಲ್ ಡಬ್ಬಿಗೆ ಸ್ಟೀಲ್ ಡಬ್ಬಿ. ಇನ್ನು ಉಡಿ ತುಂಬಿದ ಕಣಗಳ, ಅಂದರೆ ರವಿಕೆ ಬಟ್ಟೆಗಳ, ಕಥೆ ಹೇಳುವುದೇ ಬೇಡ. ಅಕ್ಕನ ಕಪಾಟಿನಲ್ಲಿ ಹೊಲಿಸದ ಕಣಗಳ ಒಂದು ಗಂಟೇ ಇದೆ. ಅವಳು ಯಾರಿಗೋ ಕೊಟ್ಟ ಹಸಿರು ಕಣವೊಂದು ಎಲ್ಲೆಲ್ಲಿಯೋ ತಿರುಗಿ ಮೂರು ವರ್ಷದ ಮೇಲೆ ಅವಳ ಉಡಿಗೇ ಬಂದಿತ್ತು. ಅಂಚಿನ ಶಾಯಿ ಕಲೆಯಿಂದ ಗುರುತು ಹಿಡಿದಳು. ಮತ್ತೆ ಗಂಟಿಗೇ ಸೇರಿಸಿದಳು, ಇನ್ನೊಬ್ಬರಿಗಾಗುತ್ತದೆ ಎಂದು. ಯಾರ ಕೈಯೂ ತಾಗದ ಉಡುಗೊರೆ ಅದು. ಮೇಣದಬತ್ತಿಯನ್ನು ನೋಡಿ ನಕ್ಕ ಪಡಸಾಲೆಯಲ್ಲಿ ಈ ಕಣವನ್ನು ನೋಡಿ ಯಾರೂ ನಗುವುದಿಲ್ಲ.

ಮೊದಲು ಹೀಗಿರಲಿಲ್ಲ ಎನ್ನಲು ನನ್ನ ಹತ್ತಿರ ಒಂದೇ ಸಾಕ್ಷಿ ಇದೆ: ಆಕಾಶಬುಟ್ಟಿ. ದೀಪಾವಳಿಗೆ ವಾರವಿರುವಾಗ ಕಾಕಾ ಬಿದಿರು ಸೀಳಿ ಕಡ್ಡಿ ಮಾಡುತ್ತಿದ್ದರು. ಅವ್ವ ಮೈದಾಹಿಟ್ಟಿನ ಅಂಟು ಕುದಿಸಿ ಕೊಡುತ್ತಿದ್ದಳು. ಬಣ್ಣದ ಕಾಗದ ಹಚ್ಚುವ ಕೆಲಸ ನನ್ನದು ಮತ್ತು ಅಕ್ಕನದು. ಅಂಟು ತಿಂದು ಬೈಸಿಕೊಳ್ಳುವ ಕೆಲಸ ನನ್ನೊಬ್ಬನದು. ಈಗ ನಮ್ಮ ಓಣಿಯಲ್ಲಿ ತೂಗುವುದೆಲ್ಲ ಅಂಗಡಿಯಿಂದ ತಂದ ಪ್ಲಾಸ್ಟಿಕ್ಕಿನವು. ಇಲ್ಲಿ ನವೆಂಬರಿನಲ್ಲಿ ಮಕ್ಕಳು ರೇಬೆ ಎಂಬ ಟರ್ನಿಪ್ ಗಡ್ಡೆಯ ತಿರುಳು ತೆಗೆದು, ಸಿಪ್ಪೆಯ ಮೇಲೆ ಚುಕ್ಕಿ ಚಂದ್ರ ಕೊರೆದು, ಒಳಗೆ ದೀಪ ಇಟ್ಟು ಮೆರವಣಿಗೆ ಹೋಗುತ್ತಾರೆ. ರಿಶ್ಟರ್ಸ್‌ವಿಲ್ ಎಂಬ ಊರಿನಲ್ಲಂತೂ ನವೆಂಬರಿನ ಎರಡನೆಯ ಶನಿವಾರ ಬೀದಿಗೆ ಬೀದಿಯೇ ಈ ಗಡ್ಡೆದೀಪಗಳಿಂದ ತುಂಬುತ್ತದೆ. ಅಂಗಡಿಯಲ್ಲಿ ಸಿಗುವುದಿಲ್ಲವೇ? ಎಲ್ಲವೂ ಸಿಗುತ್ತದೆ. ಆದರೂ ಅಪ್ಪಂದಿರು ಚಮಚ ಹಿಡಿದು ಗಡ್ಡೆ ಕೊರೆಯುತ್ತಾರೆ. ಶಾಲೆಯಲ್ಲಿಯೂ ಅಷ್ಟೇ. ಹುಡುಗರಿಗೂ ಹೊಲಿಗೆ, ಹುಡುಗಿಯರಿಗೂ ಮರಗೆಲಸ. ನಮ್ಮ ಕ್ರಾಫ್ಟ್ ಪಿರಿಯಡ್ಡಿಗೆ ಏನಾಗುತ್ತಿತ್ತು? ಗಣಿತದ ಮಾಸ್ತರು ಬಂದು “ಪೋರ್ಷನ್ ಉಳಿದಿದೆ” ಎನ್ನುತ್ತಿದ್ದರು.

ಇದನ್ನೆಲ್ಲ ಒಂದು ಭಾನುವಾರ ಹೆಂಡತಿಗೆ ಓದಿ ಹೇಳಿದೆ. ಅವಳು ಅನ್ನಕ್ಕೆ ಇಡುತ್ತಿದ್ದಳು. “ಎರಡು ತಾಸು ಬತ್ತಿ ಅದ್ದಿದ್ದಕ್ಕೆ ಇಷ್ಟು ಮಾತು. ಅತ್ತೆಯವರು ನಲವತ್ತು ವರ್ಷ ರೊಟ್ಟಿ ಬಡಿದರು. ಎಷ್ಟು ಬಡಿದಿರಿ ಎಂದು ಕೇಳಿದ್ದೀರಾ?” ಎಂದಳು.

ಕೇಳಿಲ್ಲ. ಇದನ್ನು ಬರೆಯದೆ ಬಿಡಬಹುದಿತ್ತು, ಅವಳು ಓದುತ್ತಾಳೆ ಎಂಬ ಭಯಕ್ಕೆ ಬರೆಯುತ್ತಿದ್ದೇನೆ. ಜನವರಿಯಲ್ಲಿ ವಾಪಸು ಬರುವಾಗ ನನ್ನ 23 ಕಿಲೋ ಚೀಲದಲ್ಲಿ ಏನಿತ್ತು? ಅಕ್ಕ ಕುಟ್ಟಿದ ಶೇಂಗಾ ಹಿಂಡಿ, ಅವ್ವ ಮಾಳಿಗೆಯ ಮೇಲೆ ಒಣಗಿಸಿದ ಸಂಡಿಗೆ, ಪಕ್ಕದ ಮನೆಯವರು ತಾವಾಗಿಯೇ ತಂದುಕೊಟ್ಟ ಕೆಂಪು ಖಾರ, ಅವ್ವ ಹೊಸೆದ ಒಂದು ಕಟ್ಟು ಹೂಬತ್ತಿ. ಒಂದೂ ಅಂಗಡಿಯದ್ದಲ್ಲ. ಯಾರೂ ಕಂದು ಕಾಗದ ಸುತ್ತಿರಲಿಲ್ಲ, ಹೆಸರು ಬರೆದಿರಲಿಲ್ಲ, ಅದಕ್ಕೇ ನಾನು ಅವನ್ನು ಉಡುಗೊರೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾದಾಗ ಮೊದಲು ತೆಗೆದು ಬಿಟ್ಟುಬಂದದ್ದು ಸಂಡಿಗೆಯ ಡಬ್ಬಿ.

ಇನ್ನೂ ಒಂದಿದೆ. ಹುಬ್ಬಳ್ಳಿಯ ಹಾಸ್ಟೆಲಿಗೆ ಹೊರಟಾಗ ಅಜ್ಜಿ ತನ್ನ ಹಳೆಯ ಇಳಕಲ್ ಸೀರೆಗಳಿಂದ ಕೌದಿ ಹೊಲಿದು ಕೊಟ್ಟಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಟ್ಟು, “ಇದರ ಹೊಟ್ಟೆ ತುಂಬಿರಲಿ” ಎಂದಿದ್ದಳು. ನಾನು ಅದನ್ನು ಟ್ರಂಕಿನ ತಳಕ್ಕೆ ಹಾಕಿ, ಮೂರು ವರ್ಷ ಸೋಲಾಪುರದ ಚಾದರ ಹೊದ್ದೆ. ಹುಡುಗರು ನಗುತ್ತಾರೆ ಎಂದು.

ಅವ್ವನ ಕಡೆಯಿಂದ ನೋಡಿದರೆ ಲೆಕ್ಕವೇ ಬೇರೆ. ಅಪ್ಪ ಮೊದಲ ಸಲ ಮಿಕ್ಸರ್ ತಂದ ದಿನ ಅವಳು ಅದಕ್ಕೆ ಕುಂಕುಮ ಹಚ್ಚಿ, ನಾಲ್ಕು ಮನೆಯವರನ್ನು ಕರೆದು ತೋರಿಸಿದ್ದಳು. ಬೆಳಗಿನಿಂದ ರಾತ್ರಿಯವರೆಗೆ ಎಲ್ಲವನ್ನೂ ಕೈಯಲ್ಲೇ ಮಾಡಿದವಳಿಗೆ ಅಂಗಡಿಯಿಂದ ಬಂದದ್ದೇ ಸನ್ಮಾನ. ಇಲ್ಲಿಯವರಿಗೆ ವರ್ಷದಲ್ಲಿ ಎರಡು ತಾಸು, ಅದೂ ತಕ್ಕಡಿಯ ಮುಂದೆ ದುಡ್ಡು ಎಣಿಸಿ, ಕೈಕೆಲಸ ಒಂದು ಹಬ್ಬ. ಸಂಜೆ ಆರಕ್ಕೆ ಸರಿಯಾಗಿ ಪಾತ್ರೆ ಮುಚ್ಚುತ್ತಾರೆ. ಇನ್ನೊಂದೇ ಸುತ್ತು ಎಂದರೆ ಕೇಳುವುದಿಲ್ಲ.

ಆದರೂ ಅಕ್ಕ ಮಗುವಿನ ಎದುರಿಗೆ ಹಾಗೆ ಅನ್ನಬಾರದಿತ್ತು. ಅಷ್ಟನ್ನು ನಾನು ಬಿಟ್ಟುಕೊಡುವುದಿಲ್ಲ.

ಶ್ರಾವಣದಲ್ಲಿ ನಾನೊಬ್ಬನೇ ಊರಿಗೆ ಹೋಗಿದ್ದೆ. ಅಕ್ಕನ ಮನೆಯ ಬತ್ತಿ ಶೋಕೇಸಿನಲ್ಲಿ ಹಾಗೆಯೇ ನಿಂತಿತ್ತು, ಬೇಸಿಗೆಯ ಬಿಸಿಗೆ ತುಸು ಬಾಗಿ ಗಣಪತಿಗೆ ನಮಸ್ಕರಿಸುವ ಹಾಗೆ. ಅವ್ವನಿಗೆ ಕೊಟ್ಟದ್ದು ಎಲ್ಲಿಯೂ ಕಾಣಲಿಲ್ಲ. ಕೇಳಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಅವಳು ಕೌದಿ ಹರವಿಕೊಂಡು ಕುಳಿತಾಗ ಹೊಲಿಗೆಯ ಡಬ್ಬಿಯಲ್ಲಿ ಹಳದಿ ತುಂಡೊಂದು ಕಂಡಿತು. ಬತ್ತಿಯನ್ನು ಈಳಿಗೆಯಿಂದ ಮೂರು ತುಂಡು ಮಾಡಿದ್ದಳು. ತುಂಡಿನ ಮೈತುಂಬ ದಾರ ಎಳೆದ ಗೆರೆಗಳು, ಕೂದಲಿನಷ್ಟು ಸಣ್ಣವು, ಆಳವಾದವು.

“ಒಳ್ಳೆಯ ಮೇಣ ನೋಡು. ಇದಕ್ಕೆ ತಿಕ್ಕಿದರೆ ದಾರ ಗಂಟು ಬೀಳುವುದಿಲ್ಲ. ಒಂದು ತುಂಡನ್ನು ಪಕ್ಕದ ಮನೆಗೂ ಕೊಟ್ಟೆ” ಎಂದು ದಾರವನ್ನು ತುಂಡಿನ ಮೇಲೆ ಸರಕ್ಕನೆ ಎಳೆದು ತೋರಿಸಿದಳು. “ಮುಂದಿನ ಸಲ ಇನ್ನೊಂದು ಮಾಡಲು ಹೇಳು ನಿನ್ನ ಮಗಳಿಗೆ. ದಪ್ಪಗಿರಲಿ. ಒಳಗೆ ಆ ನೂಲು ಹಾಕುವುದು ಬೇಡ, ಕೊಯ್ಯುವಾಗ ಅಡ್ಡ ಬರುತ್ತದೆ.”

ಮಗಳಿಗೆ ಹೇಳಿದ್ದೇನೆ. ನೂಲಿಲ್ಲದೆ ಅದ್ದುವುದು ಯಾವುದನ್ನು ಎಂದು ಕೇಳುತ್ತಿದ್ದಾಳೆ.