ಹಂಫ್ರಿ ಸಾಹೇಬರಿಗೆ ಸ್ಥಳ ತೋರಿಸಿಲ್ಲ

ರಾತ್ರಿ ಹನ್ನೊಂದಕ್ಕೆ ವರ್ಗಾವಣೆ ಪಟ್ಟಿ ಬಿತ್ತೆಂದರೆ ‘ಜೀ ಮಂತ್ರೀಜಿ’ ನೆನಪಾಗುತ್ತದೆ. 2001ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಬಂದ, ಬಿಬಿಸಿಯ ಹಾಸ್ಯ ಧಾರಾವಾಹಿ ‘ಯೆಸ್ ಮಿನಿಸ್ಟರ್’ನ ಹಿಂದಿ ಅವತಾರ. ಫಾರೂಕ್ ಶೇಖ್ ಮಂತ್ರಿ, ಜಯಂತ್ ಕೃಪಲಾನಿ ಕಾರ್ಯದರ್ಶಿ. ಇಬ್ಬರೂ ಪಳಗಿದ ನಟರು. ಎಡವಟ್ಟು ಇದ್ದದ್ದು ಪಾತ್ರದ ಪದನಾಮದಲ್ಲಿ.

ಮೂಲದ ಸರ್ ಹಂಫ್ರಿ ‘ಪರ್ಮನೆಂಟ್ ಸೆಕ್ರೆಟರಿ’, ಅಂದರೆ ಇಲಾಖೆಯ ಕಾಯಂ ಕಾರ್ಯದರ್ಶಿ. ಮಂತ್ರಿ ಬರುತ್ತಾನೆ, ಹೋಗುತ್ತಾನೆ. ಹಂಫ್ರಿ ಅಲ್ಲೇ ಇರುತ್ತಾನೆ. ಮನಸ್ಸು ಬಂದಾಗ ಎತ್ತಂಗಡಿ ಮಾಡುವಂತಿಲ್ಲ. ಮುಂದುವರಿಕೆಯಾದ ‘ಯೆಸ್ ಪ್ರೈಮ್ ಮಿನಿಸ್ಟರ್’ ಸೇರಿ 1980ರಿಂದ 1988ರವರೆಗಿನ 38 ಕಂತುಗಳ ನಗೆಯೆಲ್ಲ ಕಟ್ಟಿರುವುದು ಈ ಒಂದೇ ಗೂಟಕ್ಕೆ. ನಮ್ಮಲ್ಲಿ? ಕಾರ್ಯದರ್ಶಿ ಎರಡನೇ ಕಡತದಲ್ಲಿ ತಕರಾರು ಬರೆದರೆ ಮೂರನೇ ದಿನ ವರ್ಗ, ಹೊಸ ಹುದ್ದೆಯ ಜಾಗದಲ್ಲಿ ‘ಸ್ಥಳ ತೋರಿಸಿಲ್ಲ’. ಮೊದಲ ಕಂತಿಗೇ ಮಂಗಳ. ಪದೇ ಪದೇ ವರ್ಗವಾದ ಹರಿಯಾಣದ ಐಎಎಸ್ ಅಧಿಕಾರಿ ಅಶೋಕ್ ಖೇಮ್ಕಾ ಅವರನ್ನು ಮಾದರಿ ಇಟ್ಟುಕೊಂಡಿದ್ದರೆ 50ಕ್ಕೂ ಹೆಚ್ಚು ಕಚೇರಿಗಳ ಸೆಟ್ ಹಾಕಿಸಿ ನಿರ್ಮಾಪಕ ಮನೆ ಮಾರುತ್ತಿದ್ದ. ಅಧಿಕಾರಿಗಳಿಗೆ ಕನಿಷ್ಠ ಅವಧಿ ಕೊಡಿ ಎಂದು 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಸಂಭಾಷಣೆ ಚೆನ್ನಾಗಿತ್ತು, ಯಾರೂ ಬಾಯಿಪಾಠ ಮಾಡಲಿಲ್ಲ.

ಬ್ರಿಟನ್ನಿನವರೂ ಕಡಿಮೆಯೇನಲ್ಲ. ಮೂಲ ಲೇಖಕರಾದ ಜೇ ಮತ್ತು ಲಿನ್ ಮತ್ತೆ ‘ಯೆಸ್ ಪ್ರೈಮ್ ಮಿನಿಸ್ಟರ್’ ಮಾಡುತ್ತೇವೆ ಎಂದಾಗ ಬಿಬಿಸಿ, ಮೊದಲು ಒಂದು ಪೈಲಟ್ (ಪರೀಕ್ಷಾರ್ಥ) ಕಂತು ಮಾಡಿ ತೋರಿಸಿ ಅಂದಿತು. 38 ಇವೆಯಲ್ಲ, ನೋಡಿಕೊಳ್ಳಿ ಎಂದು ಅವರು ಗೋಲ್ಡ್ ವಾಹಿನಿಗೆ ಹೋದರು. 2013ರಲ್ಲಿ 6 ಕಂತು ಬಂದವು. ಪೈಲಟ್ ಕೇಳಿದ ಆ ಟಿಪ್ಪಣಿಯನ್ನು ಮಾತ್ರ ಹಂಫ್ರಿಯೇ ಬರೆಸಿರಬೇಕು.

ಇನ್ನು ‘ಹೌಸ್ ಆಫ್ ಕಾರ್ಡ್ಸ್’, ಕುರ್ಚಿಗಾಗಿ ಒಳಸಂಚು ಹೂಡುವ ರಾಜಕಾರಣಿಯ ಕಥೆ. 1990ರ ಬಿಬಿಸಿಯಲ್ಲಿ ಅರ್ಕರ್ಟ್ 4 ಕಂತಿಗೆ ಪ್ರಧಾನಿ. ನೆಟ್‌ಫ್ಲಿಕ್ಸ್‌ನ ಅಂಡರ್‌ವುಡ್‌ಗೆ ಅಧ್ಯಕ್ಷನಾಗಲು 26 ಕಂತು ಹಿಡಿಯಿತು. ಒಟ್ಟು 73ರವರೆಗೆ ಎಳೆದರು. ಕರ್ನಾಟಕದಲ್ಲಾದರೆ ಒಂದು ರೆಸಾರ್ಟು, ಎರಡು ಬಸ್ಸು, ಮೂರು ರಾತ್ರಿ.

‘ಯೆಸ್ ಮಿನಿಸ್ಟರ್’ನ ಆಸ್ಪತ್ರೆ ಕಂತು ಗೊತ್ತಲ್ಲ? 500 ನೌಕರರು, ಒಬ್ಬ ರೋಗಿಯೂ ಇಲ್ಲ, ಅತಿ ಸ್ವಚ್ಛ ಆಸ್ಪತ್ರೆ ಪ್ರಶಸ್ತಿಯ ಸ್ಪರ್ಧೆಯಲ್ಲಿ ಬೇರೆ. ಇದನ್ನು ತಾಲ್ಲೂಕು ಆಸ್ಪತ್ರೆಗೆ ಇಳಿಸಿ ನೋಡಿ. ರೋಗಿಗಳು ಕಾರಿಡಾರಿನ ನೆಲದ ಮೇಲೆ, ಬೋರ್ಡಿನಲ್ಲಿ ತಜ್ಞವೈದ್ಯರ ಸಾಲಿನ ಮುಂದೆ ‘ಖಾಲಿ’. ಸ್ಟ್ಯಾಂಡ್ ಇಲ್ಲದೆ ಅಪ್ಪನ ಡ್ರಿಪ್ ಬಾಟಲಿಯನ್ನು ಮಗ ಕೈಯೆತ್ತಿ ಹಿಡಿದಿರುತ್ತಾನೆ. ಕೈ ಸೋತರೆ ಕೈ ಬದಲಿಸುತ್ತಾನೆ. ಇದರಲ್ಲಿ ನಗಿಸುವುದೇನಿದೆ ಸ್ವಾಮಿ? ಮೂಲದಲ್ಲಿ ಸ್ಟುಡಿಯೋದಲ್ಲೇ ಪ್ರೇಕ್ಷಕರನ್ನು ಕೂರಿಸಿ ನಗೆ ದಾಖಲಿಸಿದ್ದರು. ಇಲ್ಲಿ ಆ ಪ್ರೇಕ್ಷಕರು ಚೀಟಿ ಹಿಡಿದು ಒಪಿಡಿ ಸಾಲಿನಲ್ಲಿದ್ದಾರೆ.